ಹೊಸನಗರದಲ್ಲಿ ಆತ್ಮಗಳ ಗಾಯನ

ನಮ್ಮ ಮನೆಯ ಹಿಂದಿನ ಸೌದೆ ರಾಶಿಯ ಮೇಲೆ ಆಸ್ಟ್ರೇಲಿಯಾದ ಇಬ್ಬರು ಹೆಂಗಸರು ನಗುತ್ತಾ ಮಲಗಿದ್ದಾರೆ. ಒಬ್ಬಳ ಎದೆಯ ಮೇಲೆ ಗಿಟಾರು, ಇನ್ನೊಬ್ಬರ ಕೈಯಲ್ಲಿ ಎರಡು ಕೋಲು. ಗಾಬರಿಯಾಗಬೇಡಿ, ಅದು ಫ್ಲೆಕ್ಸು. ನಮ್ಮ ಹೊಸನಗರದಲ್ಲಿ ಫ್ಲೆಕ್ಸಿಗೆ ಎರಡು ಜನ್ಮ. ಮೊದಲನೆಯದು ಬಸ್ ಸ್ಟ್ಯಾಂಡಿನ ಎದುರು, ಎರಡನೆಯದು ಯಾರದಾದರೂ ಸೌದೆಯ ಮೇಲೆ. ಪಕ್ಕದ ಮನೆಯವರ ಸೌದೆಯನ್ನು ಚುನಾವಣೆಯಲ್ಲಿ ಸೋತ ಅಭ್ಯರ್ಥಿಯೊಬ್ಬರು ಮೂರು ಮಳೆಗಾಲದಿಂದ ಕೈಮುಗಿದುಕೊಂಡೇ ಕಾಯುತ್ತಿದ್ದಾರೆ. ಗೆದ್ದಿದ್ದರೆ ಇಷ್ಟು ನಿಷ್ಠೆಯಿಂದ ಕೆಲಸ ಮಾಡುತ್ತಿದ್ದರೋ ಇಲ್ಲವೋ.

ಮೊನ್ನೆ ಬಚ್ಚಲೊಲೆಗೆ ನಾಲ್ಕು ಕಟ್ಟಿಗೆ ಎಳೆಯಲು ಹೋದಾಗ ಗಾಳಿಗೆ ಫ್ಲೆಕ್ಸಿನ ಒಂದು ತುದಿ ಎದ್ದು, ಅದರ ಮೇಲಿನ ದಪ್ಪ ಅಕ್ಷರ ಕಣ್ಣಿಗೆ ಬಿತ್ತು. ‘ಆತ್ಮಗಳ ಗಾಯನ’. ಕಟ್ಟಿಗೆಯನ್ನು ಅಲ್ಲೇ ಬಿಟ್ಟು ಒಬ್ಬಳೇ ನಗುತ್ತಾ ನಿಂತೆ. ಒಳಗಿನಿಂದ ನಮ್ಮ ಯಜಮಾನರು, “ಎಂತಾಯ್ತು? ಹಾವಾ?” ಎಂದು ಕೇಳಿದರು. ಹಾವಾಗಿದ್ದರೆ ನಗುತ್ತಿದ್ದೆನೇ ಎಂದು ಅವರು ಯೋಚಿಸಲಿಲ್ಲ. ಮದುವೆಯಾಗಿ ಬಹಳ ಕಾಲವಾದ ಮೇಲೆ ಗಂಡಂದಿರು ಇಂಥ ಸೂಕ್ಷ್ಮಗಳಿಗೆ ಹೋಗುವುದಿಲ್ಲ.

ನಾನು ಇಲ್ಲಿನ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಹೇಳುವವಳು. ಸಣ್ಣ ಊರಿನಲ್ಲಿ ಇಂಗ್ಲಿಷ್ ಮೇಡಂ ಅಂದರೆ ಒಂದು ಸಾರ್ವಜನಿಕ ಸೌಲಭ್ಯ, ಬೀದಿ ನಲ್ಲಿಯ ಹಾಗೆ. ಮಿಕ್ಸಿಯ ಗ್ಯಾರಂಟಿ ಕಾರ್ಡು, ಮಾತ್ರೆಯ ಜೊತೆ ಬರುವ ಮಡಚಿದ ಕಾಗದ, ಫೋನಿನಲ್ಲಿ ಬರುವ ‘ನಿಮಗೆ ಲಾಟರಿ ಹೊಡೆದಿದೆ’ ಎಂಬ ಸಂದೇಶ, ಎಲ್ಲವೂ ನನ್ನ ಬಳಿಗೇ ಬರುತ್ತವೆ. ಆದರೆ ಭಾಷಾಂತರದ ವಿಷಯದಲ್ಲಿ ನನ್ನ ಚರಿತ್ರೆ ಅಷ್ಟು ಒಳ್ಳೆಯದಲ್ಲ. ನಾನು ತೀರ್ಥಹಳ್ಳಿಯಲ್ಲಿ ಬೆಳೆದ ಹುಡುಗಿ. ಶಾಲೆಗೆ ಹೋಗುವ ಕಾಲದಲ್ಲಿ ಒಂದು ದಿನ ತುಂಗೆಯ ದಡದಲ್ಲಿ ಒಬ್ಬ ಬಿಳಿಯ ಪ್ರವಾಸಿ ನನ್ನನ್ನು ನಿಲ್ಲಿಸಿ ಏನೇನೋ ಕೇಳಿದ. ನನಗೆ ಬರುತ್ತಿದ್ದುದು ‘ಯೆಸ್ ಸರ್’ ಒಂದೇ. ಅವನ ಎಲ್ಲಾ ಪ್ರಶ್ನೆಗಳಿಗೂ ಅದನ್ನೇ ಧೈರ್ಯವಾಗಿ ಕೊಟ್ಟೆ. ಇಲ್ಲಿ ದಾಟಬಹುದೇ ಎಂದು ಕೇಳಿದ್ದನೆಂದು ಗೊತ್ತಾದದ್ದು ಅವನು ಸೊಂಟದವರೆಗೆ ನೀರಿನಲ್ಲಿ ಇಳಿದ ಮೇಲೆ. ದಡದಲ್ಲಿ ಬಟ್ಟೆ ಒಗೆಯುತ್ತಿದ್ದವರು ಕೂಗಿ ಕೂಗಿ ಅವನನ್ನು ವಾಪಸು ಕರೆಸಿದರು. ನಾನು ಆಗಲೇ ಮನೆ ಸೇರಿದ್ದೆ.

ಸಂಗೀತದ ವಿಷಯ ಇನ್ನೂ ಕಷ್ಟ. ಶಾಲೆಯ ಪ್ರಾರ್ಥನೆಯ ಗುಂಪಿನಲ್ಲಿ ನನ್ನನ್ನು ಎತ್ತರದ ಕಾರಣಕ್ಕೆ ಸೇರಿಸಿಕೊಂಡಿದ್ದರು. ಮೊದಲ ದಿನ ಹಾಡು ಮುಗಿದ ಮೇಲೆ ಟೀಚರು ಹತ್ತಿರ ಬಂದು ಬಹಳ ಪ್ರೀತಿಯಿಂದ, “ನೀನು ಬಾಯಿ ಮಾತ್ರ ಆಡ್ಸು ಮಗಾ, ಸಾಕು” ಎಂದರು. ಅಲ್ಲಿಂದ ಇಲ್ಲಿಯವರೆಗೆ ಭಜನೆಯಲ್ಲಿಯೂ ನಾನು ಬಾಯಿ ಮಾತ್ರ ಆಡಿಸುತ್ತೇನೆ.

ಇಂಥವಳನ್ನು ಹುಡುಕಿಕೊಂಡು ಸುಬ್ರಾಯರು ಬಂದರು. ಸುಬ್ರಾಯರದು ಪೇಟೆಯಲ್ಲಿ ಜೆರಾಕ್ಸು, ಲ್ಯಾಮಿನೇಶನ್ನು, ಫ್ಲೆಕ್ಸ್ ಡಿಸೈನು ಎಲ್ಲಾ ಇರುವ ಅಂಗಡಿ. ಜೊತೆಗೆ ಊರಿನ ಸಂಗೀತ ಬಳಗದ ಕಾರ್ಯದರ್ಶಿ. ಬಳಗದ ಕಾರ್ಯಕ್ರಮಕ್ಕೆ ಬರುವವರು ಕಲಾವಿದರು, ಕಲಾವಿದರ ಮನೆಯವರು ಮತ್ತು ಕುರ್ಚಿ ಬಾಡಿಗೆಗೆ ಕೊಟ್ಟವನು.

“ಮೇಡಂ, ಸಾಗರಕ್ಕೆ ಆಸ್ಟ್ರೇಲಿಯಾದಿಂದ ಇಬ್ರು ಹಾಡೋರು ಬಂದಿದಾರೆ. ಅಲ್ಲಿನ ಮೂಲನಿವಾಸಿಗಳಂತೆ. ಭಾನುವಾರ ಕರಾವಳಿಗೆ ಹೋಗೋ ದಾರೀಲಿ ನಮ್ಮಲ್ಲಿಗೂ ಬರ್ತಾರೆ. ನೀವು ಕನ್ನಡ ಮಾಡಿ ಹೇಳ್ಬೇಕು” ಎಂದರು.

ಒಪ್ಪಿಕೊಂಡೆ. ಇನ್ನೊಬ್ಬ ಇಂಗ್ಲಿಷ್ ಮೇಡಂ ಊರಿನಲ್ಲಿ ಇರಲಿಲ್ಲ.

ಎರಡು ದಿನ ಬಿಟ್ಟು ನಾನು ಸಾಗರದ ಬಸ್ ಸ್ಟ್ಯಾಂಡಿನಲ್ಲಿ, ಹೊರಟೇ ಬಿಟ್ಟ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದಾಗ ಅವರ ಫೋನು ಬಂತು.

“ಮೇಡಂ, ಫ್ಲೆಕ್ಸ್ ಮಾಡ್ತಾ ಇದೀನಿ. ಇದ್ರಲ್ಲಿ ಸೋಲ್, ಫೋಕ್ ಅಂತೆಲ್ಲ ಬರ್ದಿದಾರೆ. ಫೋಕ್ ಗೊತ್ತು, ಜಾನಪದ. ಸೋಲ್ ಅಂದ್ರೆ ಎಂತದು? ಸೋಲು ಅಂತ್ಲೇ ಹಾಕ್ಲಾ? ಮೊದ್ಲೇ ಸೋಲು ಅಂತ ಹಾಕಿದ್ರೆ ಯಾರು ಬರ್ತಾರೆ ಮೇಡಂ?”

“ಸೋಲ್ ಅಂದ್ರೆ ಆತ್ಮ ಸುಬ್ರಾಯ್ರೇ. ಆದ್ರೆ ಹಾಗೆ ಹಾಕ್ಬೇಡಿ. ಅದೊಂದು ಸಂಗೀತದ ಬಗೆ. ಅಮೆರಿಕದ ಕಪ್ಪು ಜನ ಚರ್ಚಿನ ಹಾಡುಗಳಿಂದ...” ಎಂದು ನಾನು ಶುರುಮಾಡಿದೆ. ಕಂಡಕ್ಟರ್ ಸೀಟಿ ಊದಿದ. ಡ್ರೈವರ್ ಹಾರ್ನ್ ಹೊಡೆದ. ಪಕ್ಕದವರ ಕೋಳಿ ಕೂಗಿತು. ಸೋಲ್ ಸಂಗೀತದ ಬಗ್ಗೆ ನಾನು ಆನಂದಪುರದವರೆಗೆ ಕೊಟ್ಟ ಉಪನ್ಯಾಸವನ್ನು ಕೇಳಿದವರು ಆ ಕೋಳಿ ಮತ್ತು ಅದರ ಯಜಮಾನಿ ಇಬ್ಬರೇ. ಸುಬ್ರಾಯರ ಕಿವಿಗೆ ‘ಆತ್ಮ’ ತಲುಪಿತ್ತು, ‘ಬೇಡಿ’ ತಲುಪಿರಲಿಲ್ಲ.

ಹೀಗೆ ಹುಟ್ಟಿತು ಆ ಫ್ಲೆಕ್ಸು. ‘ಆಸ್ಟ್ರೇಲಿಯಾದ ಮೂಲನಿವಾಸಿ ಮಹಿಳೆಯರಿಂದ, ಪೂರ್ವಿಕರ ಭಾಷೆಯಲ್ಲಿ, ಆತ್ಮಗಳ ಗಾಯನ. ಸರ್ವರಿಗೂ ಸ್ವಾಗತ.’ ಆತ್ಮ ಎಂದು ಏಕವಚನದಲ್ಲಿ ಹಾಕಿದರೆ ಗೌರವ ಸಾಲದು ಎಂದು ಸುಬ್ರಾಯರೇ ಬಹುವಚನ ಮಾಡಿದ್ದರು. ಜೊತೆಗೆ ಮೈಕು ಕಟ್ಟಿದ ಆಟೋವೊಂದು ಪಕ್ಕದ ನಗರ ಎಂಬ ಊರು, ಮಾಸ್ತಿಕಟ್ಟೆ, ಹುಲಿಕಲ್ಲಿನವರೆಗೆ ಇದನ್ನು ಸಾರಿಕೊಂಡು ಹೋಗಿ ಬಂದಿತ್ತು. ನಾನು ಪರೀಕ್ಷೆಯ ಪೇಪರುಗಳಲ್ಲಿ ಮುಳುಗಿದ್ದೆ. ಯಾವುದನ್ನೂ ನೋಡಿರಲಿಲ್ಲ, ಕೇಳಿರಲಿಲ್ಲ.

ಭಾನುವಾರ ಬೆಳಿಗ್ಗೆ ಸಾಗರಕ್ಕೆ ವ್ಯಾನಿನಲ್ಲಿ ಹೋಗಿ ಅವರನ್ನು ಕರೆದುಕೊಂಡು ಬಂದೆ. ದೊಡ್ಡವರ ಹೆಸರು ಡೋರೀನ್. ಅರವತ್ತು ದಾಟಿದ ದೊಡ್ಡ ಮೈಯ ಹೆಂಗಸು, ಅದಕ್ಕಿಂತ ದೊಡ್ಡ ನಗು. ಸಣ್ಣವಳು ಅವರ ತಮ್ಮನ ಮಗಳು ಟೆಸ್, ಗಿಟಾರು ಅವಳದು. ನಾನು “ಮಿಸೆಸ್ ಡೋರೀನ್” ಎಂದು ಶುರುಮಾಡಿದ್ದೇ ತಡ, ಟೆಸ್ ನನ್ನ ಕೈ ಹಿಡಿದು, “ಹಾಗಲ್ಲ, ಆಂಟಿ ಅನ್ನಿ. ನಮ್ಮಲ್ಲಿ ಹಿರಿಯರನ್ನು ಕರೆಯುವ ಗೌರವದ ಮಾತು ಅದು” ಎಂದಳು.

ಕಳೆದ ವರ್ಷವಷ್ಟೇ ತರಕಾರಿ ಅಂಗಡಿಯಲ್ಲಿ ‘ಆಂಟಿ’ ಎಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ, ಅವನ ಕೈಯಲ್ಲಿ ಎರಡು ಕಟ್ಟು ಹರಿವೆ ಸೊಪ್ಪು ಇರುವಾಗಲೇ, ಕಾಲು ಗಂಟೆ ಬುದ್ಧಿ ಹೇಳಿದ್ದೆ. ಇಲ್ಲಿ ನೋಡಿದರೆ ಆ ಪದಕ್ಕೆ ಬೇರೊಂದು ದೇಶದಲ್ಲಿ ಸಿಂಹಾಸನವೇ ಇದೆ.

ದಾರಿಯಲ್ಲಿ ಆಂಟಿ ತಮ್ಮ ಕತೆ ಹೇಳಿದರು. ಅವರ ಅಜ್ಜಿಯನ್ನು ಸಣ್ಣ ಹುಡುಗಿಯಾಗಿದ್ದಾಗಲೇ ಸರ್ಕಾರದವರು ತಾಯಿಯಿಂದ ಕಿತ್ತು ಪಾದ್ರಿಗಳ ಮಿಶನ್ನಿನಲ್ಲಿ ಇಟ್ಟಿದ್ದರಂತೆ. ಅಲ್ಲಿ ತಮ್ಮ ಭಾಷೆ ಆಡಿದರೆ ಬಾಯಿಗೆ ಸೋಪು ತುರುಕುತ್ತಿದ್ದರಂತೆ. ಆ ಅಜ್ಜಿ ಮಗಳಿಗೆ ಭಾಷೆ ಕಲಿಸಲೇ ಇಲ್ಲ. “ನನ್ನ ಅಮ್ಮನ ಬಾಯಿಗೆ ಸೋಪು ಬೀಳಬಾರದು ಅಂತ” ಎಂದರು ಆಂಟಿ. ತಾವು ರೇಡಿಯೋದಲ್ಲಿ ಸೋಲ್ ಹಾಡು ಕೇಳುತ್ತಾ ಬೆಳೆದು, ಬಾರುಗಳಲ್ಲಿ ಅದನ್ನೇ ಹಾಡಿಕೊಂಡಿದ್ದು, ಐವತ್ತಾದ ಮೇಲೆ ಅಜ್ಜಿಯ ಭಾಷೆಯನ್ನು ಒಂದೊಂದೇ ಮಾತಾಗಿ ಹುಡುಕಿ ಹಾಡು ಕಟ್ಟಿದರಂತೆ. ಅಜ್ಜಿಯ ಹೆಸರೇನು ಎಂದು ಕೇಳಿದೆ. ಟೆಸ್ ಮೆಲ್ಲಗೆ, “ನಮ್ಮ ಮನೆತನದಲ್ಲಿ ಸತ್ತವರ ಹೆಸರು ಹಾಗೆಲ್ಲ ಎತ್ತುವುದಿಲ್ಲ. ಅವರನ್ನು ನೆಮ್ಮದಿಯಾಗಿ ಹೋಗಲು ಬಿಡಬೇಕು” ಎಂದಳು. ನಾನು ಕ್ಷಮೆ ಕೇಳಿದೆ.

ಮಧ್ಯಾಹ್ನ ಊಟಕ್ಕೆ ನಮ್ಮಲ್ಲೇ ಇಳಿದರು. ಆಂಟಿ ಎಳೆಮಾವಿನ ಅಪ್ಪೆಮಿಡಿ ಉಪ್ಪಿನಕಾಯಿಯ ಮಿಡಿಯೊಂದನ್ನು ತೊಟ್ಟು ಹಿಡಿದು ಚೀಪಿ, ಕಣ್ಣು ಮುಚ್ಚಿ, ಇನ್ನೊಂದು ತೆಗೆದುಕೊಂಡು, “ನೀನೇ ಮಾಡಿದ್ದಾ?” ಎಂದು ಕೇಳಿದರು. ಅಂಗಡಿಯದು ಎಂದೆ. ಅವರ ಕಣ್ಣಿನಲ್ಲಿ ನಾನು ಒಂದು ಮೆಟ್ಟಿಲು ಇಳಿದದ್ದು ನನಗೇ ಕಂಡಿತು.

ಕಾರ್ಯಕ್ರಮ ಮಧ್ಯಾಹ್ನದ್ದು. ಎಲ್ಲರಿಗೂ ಸಂಜೆಯ ಬಸ್ಸು ಸಿಗಬೇಕಲ್ಲ. ಸಮುದಾಯ ಭವನದ ಎದುರು ವ್ಯಾನು ನಿಂತಾಗ, ಒಳಗೆ ಯಾರದೋ ಮದುವೆ ಇದೆ ಎಂದುಕೊಂಡೆ. ಅಷ್ಟು ಜನ. ಕುರ್ಚಿ ಸಾಲದೆ ಗೋಡೆಗೆ ಒರಗಿ ನಿಂತಿದ್ದರು. ಸುಬ್ರಾಯರು ಓಡಿ ಬಂದರು. ಕಣ್ಣಲ್ಲಿ ನೀರಿತ್ತು. “ಮೇಡಂ, ನಮ್ಮೂರಲ್ಲಿ ಸಂಗೀತಕ್ಕೆ ಇಷ್ಟು ಅಭಿಮಾನಿಗಳು ಇದಾರೆ ಅಂತ ನಂಗೆ ಗೊತ್ತೇ ಇರ್ಲಿಲ್ಲ!”

ನನಗೆ ಮೊದಲು ಕಂಡದ್ದು ತೆಂಗಿನಕಾಯಿ. ಸಂಗೀತ ಕೇಳಲು ಬಂದವರ ಕೈಯಲ್ಲಿ ತೆಂಗಿನಕಾಯಿ ಯಾಕೆ? ಆಮೇಲೆ ಬಾಳೆಹಣ್ಣು, ಊದುಬತ್ತಿ. ಒಬ್ಬರು ಬಗಲಲ್ಲಿ ಚೌಕಟ್ಟು ಹಾಕಿದ ಫೋಟೋ ಹಿಡಿದುಕೊಂಡಿದ್ದರು, ಅದರ ಮೇಲೆ ಗಂಧದ ಹಾರ. ಬಾಗಿಲ ಹತ್ತಿರ ರಿಟೈರ್ಡ್ ಪೋಸ್ಟ್‌ಮನ್ ನನ್ನನ್ನು ತಡೆದು, “ಮೇಡಂ, ಹೆಸರು ಬರೆಸೋದು ಎಲ್ಲಿ? ನಮ್ಮಪ್ಪ ಗಡಿಕಲ್ಲು ಎಲ್ಲಿ ಹುಗಿದಿದ್ರು ಅಂತ ಒಂದೇ ಒಂದು ಮಾತು ಕೇಳ್ಬೇಕಿತ್ತು” ಎಂದರು.

ತಲೆ ಎತ್ತಿ ವೇದಿಕೆಯ ಹಿಂದಿನ ಫ್ಲೆಕ್ಸು ನೋಡಿದೆ. ಓದಿದೆ. ಇನ್ನೊಮ್ಮೆ ಓದಿದೆ. ಸತ್ತವರ ಹೆಸರನ್ನೂ ಎತ್ತದ ಮನೆತನದವರನ್ನು ಕರೆತಂದು, ಊರಿನ ಸತ್ತವರನ್ನೆಲ್ಲಾ ಮೈಕಿನಲ್ಲಿ ಕರೆಸುವ ಏರ್ಪಾಡು ಮಾಡಿದ್ದೆವು!

“ಸುಬ್ರಾಯ್ರೇ, ಇದೆಂತ ಮಾಡಿದ್ರಿ?”

“ನೀವೇ ಹೇಳಿದ್ದಲ್ವಾ ಮೇಡಂ, ಸೋಲ್ ಅಂದ್ರೆ ಆತ್ಮ ಅಂತ?”

ಜನರಿಗೆ ಹೇಳಿಬಿಡೋಣ ಎಂದರೆ ಸುಬ್ರಾಯರ ಮುಖ ನೋಡಲಾಗಲಿಲ್ಲ. ಅವರ ಜೀವಮಾನದಲ್ಲಿ ಭವನ ತುಂಬಿದ್ದು ಅದೇ ಮೊದಲು. ಹಾಡುವವರಿಗೆ ಹೇಳೋಣ ಎಂದರೆ ನನಗೇ ಧೈರ್ಯವಿಲ್ಲ. ಅಷ್ಟರಲ್ಲಿ ಟೆಸ್, “ಇವರೆಲ್ಲ ಹಣ್ಣು ತಂದಿದ್ದಾರೆ, ಎಷ್ಟು ಒಳ್ಳೆಯ ಜನ!” ಎಂದಳು. “ಯೆಸ್” ಎಂದೆ. ತುಂಗೆಯ ದಡದಿಂದ ಇಲ್ಲಿಯವರೆಗೆ ನಾನು ಕಲಿತದ್ದು ಅಷ್ಟೇ.

ಹಾಡು ಶುರುವಾಯಿತು. ಮೊದಲಿನ ಎರಡು ಇಂಗ್ಲಿಷಿನವು. ಟೆಸ್ ಗಿಟಾರಿನ ತಂತಿಗಳನ್ನು ಮೀಟುವುದಕ್ಕಿಂತ ಹೆಚ್ಚಾಗಿ ಸವರುತ್ತಿದ್ದಳು. ಆಂಟಿ ಒಂದು ಸ್ವರವನ್ನು ಎತ್ತಿಕೊಂಡು, ಸಣ್ಣ ಮಗುವನ್ನು ಸೊಂಟದಿಂದ ಸೊಂಟಕ್ಕೆ ಬದಲಿಸಿದ ಹಾಗೆ ಆಚೀಚೆ ಆಡಿಸಿ, ಕೊನೆಗೆ ಎಲ್ಲೋ ಆಳದಲ್ಲಿ ಇಳಿಸುತ್ತಿದ್ದರು. ಜನ ಸಹನೆಯಿಂದ ಕೇಳಿದರು. ಪೂಜೆಗೆ ಮುಂಚಿನ ಸಂಕಲ್ಪ ಎಂದು ತಿಳಿದಿದ್ದರೋ ಏನೋ.

ಮೂರನೆಯದು ಅಜ್ಜಿಯ ಭಾಷೆಯದು. ಆಂಟಿ ಕೋಲುಗಳನ್ನು ತಟ್ಟಿದರು. ಗಿಟಾರು ನಿಂತಿತು. ಹೊಳೆಯ ಹತ್ತಿರ ಕತ್ತಲಾಗುತ್ತಿದೆ, ಎಲ್ಲಾ ಹೆಂಗಸರೂ ಮನೆಗೆ ಬನ್ನಿ ಎಂದು ಕರೆಯುವ ಹಾಡು ಎಂದು ನಾನು ಮೊದಲೇ ಕನ್ನಡದಲ್ಲಿ ಹೇಳಿದ್ದೆ. ‘ಬನ್ನಿ ಎಂದು ಕರೆಯುವ’ ಎಂದ ಕೂಡಲೇ ಸಭೆಯಲ್ಲಿ ಎಲ್ಲರೂ ನೆಟ್ಟಗೆ ಕುಳಿತರು. ಕೆಲವರು ಕೈಮುಗಿದರು. ಆಂಟಿಯ ದನಿ ಮೇಲೇರಿದಾಗ ಫೋಟೋ ತಂದವರು ಅದನ್ನು ಎದೆಗೊತ್ತಿಕೊಂಡು ಅತ್ತೇಬಿಟ್ಟರು. ಅರ್ಥವಾಗದ ಭಾಷೆ, ಯಾವುದೋ ಹೊಳೆ, ಯಾರದೋ ಅಜ್ಜಿ. ಆದರೂ ಹೊತ್ತು ಮುಳುಗುವಾಗ ಹೊಳೆಯಿಂದ ನಮ್ಮನ್ನು ಕರೆಯುತ್ತಿದ್ದ ಅಮ್ಮನ ದನಿ ಕಿವಿಯಲ್ಲಿ ಬಂದು ಹೋಯಿತು.

ಹಾಡು ಮುಗಿಯಿತು. ಚಪ್ಪಾಳೆ ಇಲ್ಲ. ಎಲ್ಲರೂ ಕಾಯುತ್ತಿದ್ದರು. ಆಂಟಿ ನನ್ನತ್ತ ತಿರುಗಿ, “ಏನಾದರೂ ಕೇಳುವುದಿದೆಯೇ ಅಂತ ಕೇಳು” ಎಂದರು. ಕೇಳದೆ ವಿಧಿಯಿರಲಿಲ್ಲ.

ಎರಡನೆಯ ಸಾಲಿನಿಂದ ಒಬ್ಬ ಹೆಂಗಸು ಎದ್ದಳು. ಐವತ್ತೈದರ ಹತ್ತಿರದ, ಕೆಂಪು ಸೀರೆಯ ಗಟ್ಟಿಗಿತ್ತಿ. ಮಾಸ್ತಿಕಟ್ಟೆ ಕಡೆಯ ಸಾವಿತ್ರಕ್ಕ ಎಂದು ಆಮೇಲೆ ಗೊತ್ತಾಯಿತು. ಮೈಕು ಬೇಡವೆಂದು ಕೈಯಾಡಿಸಿ, ‘ಎಂದು’ ಅನ್ನಲು ‘ಹೇಳಿ’, ‘ಹಾಕಬೇಕು’ ಅನ್ನಲು ‘ಹಾಕವು’ ಅನ್ನುವ ತನ್ನ ಮನೆಮಾತಿನಲ್ಲೇ ಶುರುಮಾಡಿದಳು.

“ನಮ್ಮತ್ತೆ ಹೋಗಿ ನಾಕು ವರ್ಷ ಆತು. ಅವ್ರು ಹಾಕಿದ ಮಿಡಿ ಉಪ್ಪಿನಕಾಯಿ ಎರಡು ವರ್ಷ ಇಟ್ರೂ ಕಟಕ್ ಅಂತಿತ್ತು. ನಾ ಹಾಕಿದ್ದು ಶ್ರಾವಣದೊಳಗೆ ಮೆತ್ತಗೆ ಆಗ್ತು. ಎಂತ ತಪ್ಪು ಹೇಳಿ ಗೊತ್ತಿಲ್ಲೆ. ಅವ್ರನ್ನ ಒಂಚೂರು ಕರದು, ಉಪ್ಪು ಎಷ್ಟು ಹಾಕವು ಹೇಳಿ ಕೇಳಿ ಕೊಡಿ. ಬೇರೆ ಎಂತದೂ ಬ್ಯಾಡ. ಅವ್ರ ಹತ್ರ ಬೇರೆ ಮಾತಾಡಲೆ ನಂಗೂ ಇಷ್ಟ ಇಲ್ಲೆ.”

ಆಂಟಿ ನನ್ನ ಮುಖ ನೋಡಿದರು. ನಾನು ಇಂಗ್ಲಿಷಿನಲ್ಲಿ, “ನಿಮ್ಮ ಹಾಡುಗಳಲ್ಲಿ ಅಡುಗೆಯ ವಿಷಯ ಬರುತ್ತದೆಯೇ ಎಂದು ಕೇಳುತ್ತಿದ್ದಾರೆ” ಎಂದೆ.

ಟೆಸ್ ಹುಬ್ಬೇರಿಸಿದಳು. “ಅವರು ಅದಕ್ಕಿಂತ ಬಹಳ ಹೆಚ್ಚು ಹೇಳಿದರು. ಕೈ ಮೇಲಕ್ಕೆ ತೋರಿಸಿ ಬೇರೆ ಹೇಳಿದರು.”

ಇನ್ನು ದಾರಿಯಿರಲಿಲ್ಲ. ಫ್ಲೆಕ್ಸು, ಬಸ್ಸು, ಕೋಳಿ, ಆತ್ಮ, ಗಡಿಕಲ್ಲು, ಎಲ್ಲವನ್ನೂ ಉಸಿರು ಬಿಡದೆ ಹೇಳಿ, ಕ್ಷಮಿಸಿ ಎಂದು ತಲೆ ತಗ್ಗಿಸಿದೆ. ಸಾಗರದಿಂದ ಬಂದ ವ್ಯಾನಿನಲ್ಲೇ ಈಗ ಎದ್ದು ಹೋಗುತ್ತಾರೆ, ಬಳಗಕ್ಕೆ ಬೀಗ, ಸುಬ್ರಾಯರಿಗೆ ಬಿಪಿ ಎಂದು ಲೆಕ್ಕ ಹಾಕುತ್ತಿದ್ದೆ. ಏನೋ ಸದ್ದಾಯಿತು. ನೋಡಿದರೆ ಆಂಟಿ ನಗುತ್ತಿದ್ದಾರೆ. ಮೊದಲು ಹೆಗಲು ನಕ್ಕಿತು, ಆಮೇಲೆ ಹೊಟ್ಟೆ, ಆಮೇಲೆ ಕುರ್ಚಿ. ಟೆಸ್ ಗಿಟಾರಿಗೆ ಹಣೆ ಹಚ್ಚಿ ನಗುತ್ತಿದ್ದಳು. ಸಭೆಯೂ ಯಾಕೆಂದು ಗೊತ್ತಿಲ್ಲದೆ ನಕ್ಕಿತು. ನಗದವಳು ಸಾವಿತ್ರಕ್ಕ ಒಬ್ಬಳೇ. ಅವಳಿಗೆ ಉತ್ತರ ಬೇಕಿತ್ತು.

ಆಂಟಿ ಕಣ್ಣೊರೆಸಿಕೊಂಡು, “ಅವಳಿಗೆ ಹೇಳು” ಎಂದರು. “ನಾನು ಕರೆದರೆ ನನ್ನ ಅಜ್ಜಿಯೇ ಬರುವುದಿಲ್ಲ, ಅವಳ ಅತ್ತೆ ಯಾಕೆ ಬಂದಾಳು? ನನ್ನ ಅಜ್ಜಿಯ ಮಾತುಗಳು ನನಗೆ ಸಿಕ್ಕಿದ್ದು ಬದುಕಿದ್ದ ಇನ್ನೊಬ್ಬ ಮುದುಕಿಯಿಂದ. ನಮಗೂ ಅವಳಿಗೂ ಹಳೆಯ ಜಗಳ. ಅವಳ ಮನೆಯ ಮೆಟ್ಟಿಲ ಮೇಲೆ ಎಷ್ಟೋ ದಿನ ಕುಳಿತೆ. ಮೊದಲು ಬೈದಳು, ಆಮೇಲೆ ಟೀ ಕೊಟ್ಟಳು, ಆಮೇಲೆ ಒಂದು ಮಾತು ಕೊಟ್ಟಳು. ಇವಳ ಅತ್ತೆಯ ಜೊತೆ ಅಡುಗೆಮನೆಯಲ್ಲಿ ಇದ್ದವರು ಇನ್ನು ಯಾರಿದ್ದಾರೆ ಅಂತ ಕೇಳು.”

ಕನ್ನಡದಲ್ಲಿ ಹೇಳಿದೆ. ಸಾವಿತ್ರಕ್ಕನ ಮುಖ ಬಿಗಿಯಿತು. “ಓರಗಿತ್ತಿ ಇದ್ದು. ಭಾಗೀರತಿ. ಅದ್ರ ಹತ್ರ ನಾ ಸತ್ರೂ ಕೇಳ್ತಿಲ್ಲೆ.”

“ಕೇಳದಿದ್ರೆ ಬ್ಯಾಡ! ಮೆತ್ತಗಿನ ಮಿಡಿನೇ ತಿನ್ನು!”

ಕೊನೆಯ ಸಾಲಿನಿಂದ ಬಂದ ದನಿ. ಸಭೆಗೆ ಸಭೆಯೇ ಹಿಂದಕ್ಕೆ ತಿರುಗಿತು. ತೆಳ್ಳಗಿನ, ಕನ್ನಡಕದ ಹೆಂಗಸೊಬ್ಬಳು ಎದ್ದು ನಿಂತಿದ್ದಳು. ಅವಳೇ ಭಾಗೀರತಿ. ಅವಳು ಯಾಕೆ ಬಂದಿದ್ದಾಳೆಂದು ಸಾವಿತ್ರಕ್ಕನೇ ಕೇಳಿದಳು.

“ನೀ ಇಲ್ಲಿಗೆ ಎಂತಕ್ಕೆ ಬಂದೆ?”

“ನೀ ಹೊರಟಿದ್ದು ಗೊತ್ತಾತು. ಅತ್ತೆ ಬಂದು ನಿಂಗೆ ಹೇಳ್ಬಿಟ್ರೆ ಎಂತ ಮಾಡದು ಹೇಳಿ ನೋಡಲೆ ಬಂದಿ!”

“ಅತ್ತೆನ ಇಟ್ಗಂಡು ಎಲ್ಲಾ ಕಲ್ತಿದ್ದು ಯಾರು?”

“ಅತ್ತೆಯ ದೊಡ್ಡ ಭರಣಿ ಹೊತ್ಗಂಡು ಹೋದ್ದು ಯಾರು?”

ಮನೆ ಹಿಸೆಯಾದಾಗ ಭರಣಿ ಹಿರಿಯ ಸೊಸೆ ಸಾವಿತ್ರಕ್ಕನಿಗೆ ಬಂದಿತ್ತು, ಅತ್ತೆ ಕಿರಿಯವಳ ಪಾಲಿಗೆ ಹೋಗಿದ್ದರು. ಅಲ್ಲಿಂದ ಇಬ್ಬರಿಗೂ ಮಾತಿಲ್ಲ. ಒಬ್ಬಳ ಬಳಿ ಭರಣಿ ಇದೆ, ಹದ ಇಲ್ಲ. ಇನ್ನೊಬ್ಬಳ ಬಳಿ ಹದ ಇದೆ, ಭರಣಿ ಇಲ್ಲ. ಸಭೆಯ ತಲೆಗಳು ಮುಂದೆ ಹಿಂದೆ, ಹಿಂದೆ ಮುಂದೆ ತಿರುಗುತ್ತಿದ್ದವು. ನಾನು ವೇದಿಕೆಯ ಮೇಲೆ ನಿಂತು ಇಡೀ ಜಗಳವನ್ನು ಇಂಗ್ಲಿಷಿಗೆ ತರುತ್ತಿದ್ದೆ. ವೃತ್ತಿಜೀವನದಲ್ಲಿ ಅಷ್ಟು ವೇಗವಾಗಿ, ಅಷ್ಟು ಪ್ರಾಮಾಣಿಕವಾಗಿ ನಾನು ಇಂಗ್ಲಿಷ್ ಮಾತಾಡಿದ್ದಿಲ್ಲ. ಟೆಸ್, “ಅತ್ತೆ ಬೇಡವೆಂದು ಜಗಳವೇ?” ಎಂದು ಕೇಳಿದಳು. “ಅಲ್ಲ, ಇಬ್ಬರಿಗೂ ಬೇಕಿತ್ತು” ಎಂದೆ. ಹಾಗೆ ಹೇಳಿದ ಮೇಲೆಯೇ ನನಗೂ ಅದು ಹೊಳೆದದ್ದು.

“ನಾ ನಿಂಗೆ ಹೇಳ್ತಿಲ್ಲೆ. ಈ ಜನ್ಮದಲ್ಲಿ ಹೇಳ್ತಿಲ್ಲೆ!” ಎಂದು ಭಾಗೀರತಿ ದನಿಯೆತ್ತಿ ಶಪಥ ಮಾಡಿ ಕುಳಿತಳು.

ಆಂಟಿ ಕೋಲು ತಟ್ಟಿ ಎಲ್ಲರನ್ನೂ ಸುಮ್ಮನಾಗಿಸಿದರು. ನಾವು ಇಷ್ಟು ಹಾಡಿದೆವು, ಈಗ ನಿಮ್ಮ ಸರದಿ, ಆ ಅತ್ತೆ ಏನಾದರೂ ಹಾಡುತ್ತಿದ್ದರೇ ಎಂದು ನನ್ನಿಂದ ಸಾವಿತ್ರಕ್ಕನನ್ನು ಕೇಳಿಸಿದರು. ಸಾವಿತ್ರಕ್ಕ ಮೊದಲು ಒಲ್ಲೆ ಎಂದಳು. ಜನ ಬಿಡಲಿಲ್ಲ. ಕೊನೆಗೆ ಸೆರಗು ಹೊದ್ದು, ಗೋಡೆಯ ಗಡಿಯಾರ ನೋಡುತ್ತಾ, ಮದುವೆಯಲ್ಲಿ ಬೀಗರನ್ನು ಹಾಸ್ಯ ಮಾಡುವ ಹಾಡು ಎತ್ತಿಕೊಂಡಳು.

“ಬೀಗರು ಬಂದರು ಬೀಗುತ್ತ ಬಂದರು,
ಬಾಳೆಲೆ ಹಾಕಿರೆ ಹಂದರ ನೋಡಿದರು,
ಪಾಯಸ ಬಡಿಸಿರೆ...”

ನಿಂತಿತು. ಮುಂದಿನ ಸಾಲು ಬರಲಿಲ್ಲ. “ಪಾಯಸ ಬಡಿಸಿರೆ...” ಇನ್ನೊಮ್ಮೆ ಹೇಳಿದಳು. ಹಣೆ ಒತ್ತಿಕೊಂಡಳು. ಆಗ ಹಿಂದಿನಿಂದ, ತಡೆಯಲಾರದೆ ಬಂದ ಕೆಮ್ಮಿನ ಹಾಗೆ, ಭಾಗೀರತಿಯ ದನಿ ಬಂತು.

“ಗೋಡಂಬಿ ಹುಡುಕುತ್ತ ಕೊಳಗದ ತಳ ಕಂಡರು!”

ಭವನ ಗೊಳ್ಳೆಂದಿತು. ಸಾವಿತ್ರಕ್ಕ ಹಿಂದಕ್ಕೆ ತಿರುಗಲಿಲ್ಲ, ಆದರೆ ಹಾಡು ಮುಂದುವರಿಸಿದಳು. ಇವಳು ಒಂದು ಸಾಲು, ಅವಳು ಒಂದು ಸಾಲು. ಒಂದೇ ಅಡುಗೆಮನೆಯಲ್ಲಿ, ಒಂದೇ ಒರಳಿನ ಮುಂದೆ ಕಲಿತ ಹಾಡು. ಅದನ್ನು ಹಿಸೆ ಮಾಡಲು ಯಾವ ಪಂಚಾಯಿತಿಗೂ ಆಗಿರಲಿಲ್ಲ. ಟೆಸ್ ಗಿಟಾರಿನಲ್ಲಿ ಅದರ ದಾಟಿ ಹಿಡಿದಳು. ಅವಳು ಸವರಿದಂತೆ ಸವರಿ ನುಡಿಸಿದಾಗ ನಮ್ಮ ಬೀಗರ ಹಾಡಿಗೆ ಎಲ್ಲಿಲ್ಲದ ವಿಷಾದ ಬಂತು. ಗೋಡಂಬಿ ಸಿಗದ ಬೀಗರ ಮೇಲೆ ನನಗೆ ಮೊದಲ ಬಾರಿಗೆ ಕನಿಕರವಾಯಿತು. ಆಂಟಿ ಕೋಲು ತಟ್ಟುತ್ತಾ, ಪದ ಗೊತ್ತಿಲ್ಲದಿದ್ದರೂ ತುದಿಯ ಸ್ವರವನ್ನು ಎತ್ತಿ ಎತ್ತಿ ಹಾಡಿದರು. ಪೋಸ್ಟ್‌ಮನ್ ಗಡಿಕಲ್ಲು ಮರೆತು ತಾಳ ಹಾಕುತ್ತಿದ್ದರು. ಸುಬ್ರಾಯರು ವೇದಿಕೆಯ ಪಕ್ಕದಿಂದ ನನ್ನತ್ತ, ‘ನೋಡಿದ್ರಾ, ನಾನು ಹಾಕಿದ್ದು ಸರಿ’ ಎನ್ನುವ ಹಾಗೆ ನೋಡಿದರು.

ಇದೆಲ್ಲಾ ಮುಗಿದು, ತಂದ ತೆಂಗಿನಕಾಯಿಗಳನ್ನೆಲ್ಲಾ ಒಡೆದು ಹಂಚಿ ತಿಂದು ಹೊರಬರುವಾಗ ಮಾಸ್ತಿಕಟ್ಟೆಯ ಬಸ್ಸು ಹೋಗಿಯಾಗಿತ್ತು. ನಮ್ಮ ವ್ಯಾನು ಅದೇ ದಾರಿಯಲ್ಲಿ ಹುಲಿಕಲ್ ಘಾಟಿ ಇಳಿದು ಕರಾವಳಿಗೆ ಹೋಗುವುದು. ಅಲ್ಲಿನ ಕಾರ್ಯಕ್ರಮಕ್ಕೂ ನಾನೇ ಕನ್ನಡ ಮಾಡಬೇಕಿತ್ತು. ಆಂಟಿ ಇಬ್ಬರು ಓರಗಿತ್ತಿಯರನ್ನೂ ಕೈಹಿಡಿದು ಹತ್ತಿಸಿದರು. ಇಬ್ಬರೂ ಒಬ್ಬರ ಪಕ್ಕ ಒಬ್ಬರು ಕೂರಲು ಒಪ್ಪದೆ, ನಡುವೆ ಆಂಟಿಯನ್ನು ಕೂರಿಸಿಕೊಂಡರು.

ನಾನು ಮುಂದೆ ಡ್ರೈವರ್ ಪಕ್ಕ ಕುಳಿತು, ಯಾರು ಯಾವಾಗ ಕರೆಯುತ್ತಾರೋ ಎಂದು ಕಿವಿ ಹಿಂದಕ್ಕೆ ಕೊಟ್ಟಿದ್ದೆ. ಯಾರೂ ಕರೆಯಲಿಲ್ಲ. ನಗರ ದಾಟುವವರೆಗೂ ಸಾವಿತ್ರಕ್ಕ ಎಡಗಡೆಯಿಂದ ಆಂಟಿಗೆ ತನ್ನ ಮಗಳ ಮದುವೆಯ ವಿಷಯ ತನ್ನ ಮಾತಿನಲ್ಲಿ ಹೇಳುತ್ತಿದ್ದಳು, ಭಾಗೀರತಿ ಬಲಗಡೆಯಿಂದ ಮೊಣಕಾಲು ನೋವಿನ ವಿಷಯ. ಆಂಟಿ ಎರಡೂ ಕಡೆಗೆ ತಮ್ಮ ಅಜ್ಜಿಯ ಭಾಷೆಯಲ್ಲಿ ಉತ್ತರ ಕೊಡುತ್ತಿದ್ದರು. ಮೂವರಿಗೂ ಏನೂ ತೊಂದರೆಯಾದಂತೆ ಕಾಣಲಿಲ್ಲ. ಒಮ್ಮೆ ನಾನು ಉತ್ಸಾಹದಿಂದ ತಿರುಗಿ, “ಅದು ಏನೆಂದರೆ...” ಎಂದು ಶುರು ಮಾಡಿದೆ. ಮೂವರೂ ನನ್ನನ್ನು, ಮಾತಿನ ನಡುವೆ ಬಾಯಿ ಹಾಕಿದ ಮಗುವನ್ನು ನೋಡುವ ಹಾಗೆ ನೋಡಿದರು.

ಮಾಸ್ತಿಕಟ್ಟೆಗೆ ಸ್ವಲ್ಪ ಹಿಂದೆ ಭಾಗೀರತಿಯ ಮನೆಯ ದಣಪೆ, ಮರದ ಗಳುಗಳ ಗೇಟು. ವ್ಯಾನು ನಿಂತಿತು. ಅವಳು ಇಳಿದು, ಆಂಟಿಗೆ ಕೈಮುಗಿದು, ನಾಲ್ಕು ಹೆಜ್ಜೆ ಹೋದಳು. ನಿಂತಳು. ತಿರುಗಿ ಬಂದು ನನ್ನ ಕಿಟಕಿಗೆ ಬಡಿದಳು.

“ಮೇಡಂ, ಅವ್ರ ಊರಲ್ಲಿ ಮಾವಿನಮರ ಇದ್ದಾ ಕೇಳಿ.”

ಕೇಳಿದೆ. ಉತ್ತರದ ಕಡೆ ಇದೆ, ನಮ್ಮ ಕಡೆ ಇಲ್ಲ ಎಂದರು ಆಂಟಿ.

“ಇದ್ಯಂತೆ” ಎಂದೆ.

“ಹಂಗಾರೆ ಹೇಳಿ ಅವ್ರಿಗೆ. ಅಷ್ಟು ದೂರದಿಂದ ಬಂದವ್ರನ್ನ ಬರಿಗೈಲಿ ಕಳ್ಸಲಾಗ.” ಭಾಗೀರತಿ ಕನ್ನಡಕ ಸರಿಮಾಡಿಕೊಂಡು, ಸಾವಿತ್ರಕ್ಕ ಕೂತ ಕಡೆಗೆ ಅಪ್ಪಿತಪ್ಪಿಯೂ ನೋಡದೆ, ಆಂಟಿಯ ಮುಖವನ್ನೇ ನೋಡುತ್ತಾ ಶುರುಮಾಡಿದಳು. “ಮೊದಲನೇ ಮಳೆ ಬೀಳದ್ರೊಳಗೆ ಮಿಡಿ ಕೊಯ್ಯವು. ತೊಟ್ಟು ಇರವು. ನೆಲಕ್ಕೆ ಬಿದ್ದಿದ್ದು ಒಂದೂ ಸೇರಲಾಗ.”

ನಾನು ಇಂಗ್ಲಿಷಿನಲ್ಲಿ ಹೇಳಿದೆ. ಬೇಕೆಂದೇ ನಿಧಾನವಾಗಿ ಹೇಳಿದೆ. ಆಂಟಿಯ ಪಕ್ಕದಲ್ಲಿ ಸಾವಿತ್ರಕ್ಕ ಕಣ್ಣು ಮುಚ್ಚಿ, ತಲೆಯನ್ನು ಸೀಟಿಗೆ ಒರಗಿಸಿ, ನಿದ್ದೆ ಬಂದವಳಂತೆ ಕೂತಿದ್ದಳು. ತುಟಿ ಮಾತ್ರ ಅಲ್ಲಾಡುತ್ತಿತ್ತು.

“ಹರಳುಪ್ಪೇ ಆಗವು. ಒಂದು ಪದರ ಮಿಡಿ, ಒಂದು ಪದರ ಉಪ್ಪು. ಮಿಡಿ ಚಿರುಟಿದ ಮೇಲೆ ಆ ಉಪ್ಪುನೀರು ಬಿಟ್ರೆ ಬೇರೆ ಒಂದು ಹನಿ ನೀರು ಮುಟ್ಟಲಾಗ. ಖಾರ ಅರೆಯದೂ ಅದೇ ನೀರಿನಲ್ಲಿ, ಕಾಸಿ ಆರಿಸಿ. ಬಾವಿ ನೀರು ತಾಗಿದ್ರೆ ಮುಗತ್ತು, ಮೆತ್ತಗೆ ಆಗ್ತು.”

ಸಾವಿತ್ರಕ್ಕನ ಕಣ್ಣು ಫಕ್ಕನೆ ತೆರೆದು, ಮತ್ತೆ ಮುಚ್ಚಿತು. ತಪ್ಪು ಸಿಕ್ಕಿತ್ತು.

ಆಂಟಿ ಓರೆಗಣ್ಣಿನಿಂದ ಎಡಗಡೆ ನೋಡಿ, ಬಹಳ ಗಂಭೀರವಾಗಿ, “ಉಪ್ಪು ಎಷ್ಟು ಅಂತ ಕೇಳು” ಎಂದರು.

ಕೇಳಿದೆ. ಭಾಗೀರತಿ ಹೇಳಿದಳು, ಸೇರಿನ ಅಳತೆಯಲ್ಲಿ, ಬೆರಳು ಮಡಚಿ. ನಾನು ಇಂಗ್ಲಿಷಿಗೆ ತಂದೆ. ಡ್ರೈವರ್ ಇಂಜಿನ್ ಆಫ್ ಮಾಡಿದ. ಕಣ್ಣು ತೆರೆಯದೆಯೇ ಸಾವಿತ್ರಕ್ಕ ನನಗೆ ಹೇಳಿದಳು:

“ಮೇಡಂ, ಇನ್ನೊಂದು ಸಲ ಹೇಳಲೆ ಹೇಳಿ. ಅವ್ರಿಗೆ ಸರೀ ಅರ್ಥ ಆಜಿಲ್ಲೆ.”